ಮೇಷ್ಟ್ರ ದೊರೆಗೆ ಬಿದ್ದ ಹಾರ

"ಮದ್ವೆಗ್ ಹೋಗಿದ್ರಾ, ಸಾವಿಗ್ ಹೋಗಿದ್ರಾ?" ಎಂದು ಕಂಡಕ್ಟರ್ ಕೇಳಿದ.

ಅವನ ತಪ್ಪೇನಿಲ್ಲ. ನನ್ನ ಪಕ್ಕ ಕೂತಿದ್ದ ಮೇಷ್ಟ್ರ ಕೊರಳಲ್ಲಿ ಸೇವಂತಿಗೆ ಹಾರ ಇತ್ತು. ನನ್ನ ತೊಡೆಯ ಮೇಲೆ ಗಾಜು ಹಾಕಿದ ಒಂದು ಫೋಟೋ ಇತ್ತು. ಫೋಟೋದೊಳಗೆ ಒಬ್ಬ ಬಿಳಿಯ ಮುದುಕ. ಅವನ ಹಣೆಯ ಮೇಲೆ ಕುಂಕುಮ ಒರೆಸಿದ ಕೆಂಪು ಕಲೆ. ರಾಯಕೋಟೆಯಿಂದ ಹೊಸೂರಿಗೆ ಹೋಗುವ ಬಸ್ಸಿಗೆ ಇಂಥವರು ದಿನಾ ಹತ್ತುವುದಿಲ್ಲ. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಬಿಟ್ಟು ನಮ್ಮನ್ನೇ ನೋಡುತ್ತಾ ನಿಂತ.

ಅವನಿಗೆ ನಾನು ಏನು ಹೇಳಿದೆ ಅಂತ ಆಮೇಲೆ ಹೇಳುತ್ತೇನೆ. ಮೊನ್ನೆ ಅಂಗಡಿ ಗುಡಿಸುವಾಗ ಪ್ಲೈವುಡ್ ತುಂಡುಗಳ ಹಿಂದೆ ಆ ಹಾರದ ಜರಿ ದಾರ ಸಿಕ್ಕಿತು. ಅದಕ್ಕೇ ಇದೆಲ್ಲ ಜ್ಞಾಪಕಕ್ಕೆ ಬಂತು. ಇಲ್ಲದಿದ್ದರೆ ಕೂತು ಬರೆಯುವ ಜಾತಿಯವನಲ್ಲ ನಾನು. ಆರನೇ ಕ್ಲಾಸಿಗೇ ಶಾಲೆ ಬಿಟ್ಟವನು. ಹೊಸೂರು ಪೇಟೆಯಲ್ಲಿ ನಮ್ಮ ಸೋದರಮಾವನ ಫೋಟೋ ಫ್ರೇಮ್ ಅಂಗಡಿಯಲ್ಲಿ ಗಾಜು ಕತ್ತರಿಸುತ್ತೇನೆ. ಹೆಸರು ಮುನಿರಾಜ.

ಫ್ರೇಮ್ ಅಂಗಡಿಯ ವಿಷಯ ಸ್ವಲ್ಪ ಹೇಳಲೇಬೇಕು. ನಮ್ಮ ಅಂಗಡಿಗೆ ಬರುವವರು ಮೂರೇ ಥರ. ದೇವರು, ಮದುವೆ ಜೋಡಿ, ಸತ್ತವರು. ಈಚೆಗೆ ಫ್ಯಾಕ್ಟರಿಗಳು ಬಂದು ಊರಲ್ಲಿ ಸೈರನ್ ಕೂಗುವುದಕ್ಕೆ ಶುರುವಾದ ಮೇಲೆ ಐಟಿಐ ಸರ್ಟಿಫಿಕೇಟುಗಳೂ ಬರುತ್ತವೆ. ಆದರೆ ಬದುಕಿರುವ ಮನುಷ್ಯ ಒಬ್ಬನೇ ಫ್ರೇಮಿನೊಳಗೆ ಕೂರುವುದು ನಮ್ಮ ಕಡೆ ಪದ್ಧತಿಯಲ್ಲ. ಮಂತ್ರಿಗಳನ್ನು ಬಿಟ್ಟರೆ ಇನ್ಯಾರೂ ಆ ಧೈರ್ಯ ಮಾಡುವುದಿಲ್ಲ. ಒಬ್ಬನೇ ಇರುವ ಫೋಟೋ ಬಂದರೆ ನಮ್ಮ ಮಾವ ಯಾರು ಏನು ಅಂತ ವಿಚಾರಿಸುವುದೇ ಇಲ್ಲ, ಮುಖ ಸಣ್ಣಗೆ ಮಾಡಿಕೊಂಡು, "ಯಾವಾಗ ಹೋದ್ರು?" ಅಂದುಬಿಡುತ್ತಾನೆ. ಒಂದು ಸಲ ಬಾಗಲೂರಿನ ರೈತರೊಬ್ಬರು ತಮ್ಮದೇ ಫೋಟೋ ತಂದಿದ್ದರು. ಮಾವ ತಲೆ ಎತ್ತದೆ ಇದನ್ನೇ ಕೇಳಿದ. ಅವರು ಫೋಟೋ ಕಿತ್ತುಕೊಂಡು ಹೋದವರು ಮತ್ತೆ ನಮ್ಮ ಬೀದಿಗೆ ಬಂದಿಲ್ಲ.

ಹಾಗಾಗಿ ಅಶ್ವತ್ಥಯ್ಯ ಮೇಷ್ಟ್ರು ಆ ಬಿಳಿಯನ ಫೋಟೋ ತಂದ ದಿನವೂ ಮಾವ ಅದನ್ನೇ ಕೇಳಿದ.

"ಹೋಗಿಲ್ಲಪ್ಪ. ಚೆನ್ನಾಗಿದಾರೆ," ಅಂದರು ಮೇಷ್ಟ್ರು. "ಪ್ರಪಂಚದಲ್ಲಿ ಇವರಂಥ ತಲೆ ಇನ್ನೊಂದಿಲ್ಲ."

"ನಿಮ್ ಸಂಬಂಧಾನಾ?"

"ಭೌತವಿಜ್ಞಾನಿ ಕಣಯ್ಯ."

ಮಾವ ನನ್ನ ಕಡೆ ತಿರುಗಿ, "ಅಳ್ತೆ ತಗೊಳ್ಳೋ," ಅಂದ. ಅವನ ಮಟ್ಟಿಗೆ ಮಾತು ಮುಗಿಯಿತು.

ಆ ವಿಜ್ಞಾನಿಯ ಹೆಸರು ನಾನು ಬರೆಯುವುದಿಲ್ಲ. ಬರೆಯುವುದಕ್ಕೆ ಬರುವುದೂ ಇಲ್ಲ. ನಾಲ್ಕೈದು ಒತ್ತಕ್ಷರ ಒಂದರ ಮೇಲೊಂದು ಕೂತ ಹೆಸರು. ಮೇಷ್ಟ್ರು ಅದನ್ನು ಹೇಳುವಾಗಲೆಲ್ಲ ಗಂಟಲಲ್ಲಿ ಏನೋ ಸಿಕ್ಕಿಕೊಂಡಂತೆ ಕಾಣುತ್ತಿತ್ತು. ನಾನು ಮೊದಲ ದಿನವೇ 'ನಿಮ್ಮ ದೊರೆ' ಅಂದುಬಿಟ್ಟೆ. ಅದೇ ನಿಂತಿತು. ಮೇಷ್ಟ್ರೂ ಎರಡು ದಿನ ಮುನಿಸಿಕೊಂಡು, ಮೂರನೇ ದಿನದಿಂದ ತಾವೂ ದೊರೆ ಅನ್ನುವುದಕ್ಕೆ ಶುರುಮಾಡಿದರು.

ಫೋಟೋ ಯಾವುದೋ ಪತ್ರಿಕೆಯಿಂದ ಕತ್ತರಿಸಿದ್ದು. ಬೆಂಕಿಪೊಟ್ಟಣದಷ್ಟಿದ್ದದ್ದನ್ನು ಸ್ಟುಡಿಯೋದಲ್ಲಿ ತಟ್ಟೆಯಷ್ಟು ಮಾಡಿಸಿದ್ದರು. ಹತ್ತಿರದಿಂದ ನೋಡಿದರೆ ರಾಗಿ ಚೆಲ್ಲಿದ ಹಾಗೆ ಬರೀ ಚುಕ್ಕಿ.

"ನೋಡೋ ಮುನಿರಾಜ, ಹತ್ತಿರ ಬಂದ್ರೆ ಚುಕ್ಕಿ, ದೂರ ಹೋದ್ರೆ ಮನುಷ್ಯ. ದೊರೆ ಹೇಳಿದ್ದೂ ಹೆಚ್ಚುಕಮ್ಮಿ ಇದೇನೆ," ಅಂದರು ಮೇಷ್ಟ್ರು ಸಂತೋಷವಾಗಿ.

"ಸ್ಟುಡಿಯೋದೋನು ಕೆಟ್ದಾಗಿ ತೆಗ್ದವ್ನೆ ಮೇಷ್ಟ್ರೇ. ವಾಪಸ್ ಕೊಡಿ," ಅಂದೆ ನಾನು.

ಮೇಷ್ಟ್ರು ನನಗೆ ವಿಜ್ಞಾನ ಹೇಳಿಕೊಟ್ಟವರು. ಹೇಳಿಕೊಟ್ಟರು ಅಂದರೆ, ಅವರು ಹೇಳಿದರು, ನಾನು ಕಿಟಕಿಯಿಂದ ಆಚೆ ಎಮ್ಮೆ ನೋಡಿದೆ. ಒಂದು ದಿನ ಅದಕ್ಕೇ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದರು. ನಿಲ್ಲಿಸಿ ಪಾಠ ಮುಂದುವರಿಸಿದರು. ಆವತ್ತಿನ ಪಾಠ ಏನೆಂದರೆ, ಪ್ರಪಂಚದ ಎಲ್ಲ ವಸ್ತುವೂ ಒಳಗೆ ಬಹುಪಾಲು ಖಾಲಿ. ಕಲ್ಲೂ ಖಾಲಿ, ಗೋಡೆಯೂ ಖಾಲಿ, ಬೆಂಚೂ ಖಾಲಿ.

"ಹಂಗಾರೆ ನಾನ್ಯಾಕ್ ಕೆಳಕ್ ಬಿದ್ದಿಲ್ಲ?" ಅಂದೆ.

ಹೊಡೆಯುತ್ತಾರೆ ಅಂದುಕೊಂಡೆ. ಮೇಷ್ಟ್ರು ಕಣ್ಣಲ್ಲಿ ನೀರು ತುಂಬಿಕೊಂಡು ನನ್ನನ್ನು ಕೈಹಿಡಿದು ಇಳಿಸಿದರು. ಇಷ್ಟು ವರ್ಷದಲ್ಲಿ ತಮಗೆ ಯಾರೂ ಪ್ರಶ್ನೆ ಕೇಳಿರಲಿಲ್ಲವಂತೆ. ಆಮೇಲೆ ಅರ್ಧ ಗಂಟೆ ಉತ್ತರ ಹೇಳಿದರು. ಬೆಂಚಿನ ಮೇಲೆ ನಿಂತಿದ್ದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಅದಾದ ಕೆಲವು ತಿಂಗಳಿಗೆ ನಾನು ಶಾಲೆ ಬಿಟ್ಟೆ. ಬೆಂಚಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಮೇಷ್ಟ್ರು ನನ್ನನ್ನು ಬಿಡಲಿಲ್ಲ. ಸಂಜೆ ಮನೆಗೆ ಹೋಗುವಾಗ ಅಂಗಡಿಯ ಸ್ಟೂಲಿನ ಮೇಲೆ ಕೂತು, "ಏನೋ ಪ್ರಶ್ನೆ ಕೇಳೋನೇ," ಅನ್ನುತ್ತಿದ್ದರು. ನಾನು ಏನೂ ಕೇಳುತ್ತಿರಲಿಲ್ಲ. ಆದರೂ ಉತ್ತರ ಹೇಳಿ ಹೋಗುತ್ತಿದ್ದರು.

ಮೇಷ್ಟ್ರ ಒಂದೇ ಆಸೆ ಹೇಳಿಬಿಡುತ್ತೇನೆ. ದೊರೆಯ ವಿಷಯವಾಗಿ ನಾಲ್ಕು ಜನರ ಮುಂದೆ ಒಂದು ಗಂಟೆ ಮಾತಾಡಬೇಕು. ಅಷ್ಟೇ. ಚಿಕ್ಕ ವಯಸ್ಸಿನಲ್ಲಿ ಅದೇ ವಿಜ್ಞಾನ ಮುಂದಕ್ಕೆ ಓದಬೇಕು ಅಂತ ಇದ್ದವರು. ಮನೆಯಲ್ಲಿ ಮೇಷ್ಟ್ರ ಕೆಲಸಕ್ಕೆ ಸೇರಿಸಿದರು, ಸೇರಿದರು. ಅಲ್ಲಿಂದ ಇಲ್ಲಿವರೆಗೆ ದೊರೆಯ ಬಗ್ಗೆ ಸಿಕ್ಕಿದ್ದೆಲ್ಲ ಓದಿದ್ದಾರೆ. ಆದರೆ ಕೇಳುವವರು ಯಾರು? ಪಾಠದಲ್ಲಿ ಪರಮಾಣುವಿಗೆ ಇರುವುದು ಎರಡು ಪುಟ. ಸ್ಟಾಫ್ ರೂಮಿನಲ್ಲಿ ಬಾಯಿ ತೆಗೆದರೆ ಎಲ್ಲರಿಗೂ ಕ್ಲಾಸು ಜ್ಞಾಪಕಕ್ಕೆ ಬರುತ್ತದೆ. ಮನೆಯಲ್ಲಿ ಹೆಂಡತಿ ರೇಡಿಯೋ ಜೋರು ಮಾಡುತ್ತಾರೆ. ಬರುವ ಬೇಸಿಗೆಗೆ ರಿಟೈರ್ ಆಗುವವರಿದ್ದರು. ಅಷ್ಟರಲ್ಲಿ ರಾಯಕೋಟೆಯ ಒಂದು ಶಾಲೆಯಿಂದ, ವಿಜ್ಞಾನ ಸಂಘ ಶುರುಮಾಡುತ್ತೇವೆ, ಮುಖ್ಯ ಅತಿಥಿಯಾಗಿ ಬನ್ನಿ ಅಂತ ಹೇಳಿಕಳಿಸಿದರು. ಜನ್ಮದಲ್ಲಿ ಬಂದ ಒಂದೇ ಒಂದು ಕರೆ. ಫೋಟೋ, ಫ್ರೇಮು ಎಲ್ಲ ಅದಕ್ಕೇ.

ಮುಂದಿನ ಒಂದು ತಿಂಗಳು ನಮ್ಮ ಅಂಗಡಿಯಲ್ಲಿ ರಿಹರ್ಸಲ್. ರಾಯಕೋಟೆಯ ಮಕ್ಕಳಿಗೆ ತಮಿಳಲ್ಲಿ ಹೇಳಬೇಕು. ಆದ್ದರಿಂದ ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ತಮಿಳಲ್ಲಿ ಹೇಳಿ, ನಮ್ಮ ಮಾವನಿಗೋಸ್ಕರ ಅಲ್ಲಲ್ಲಿ ತೆಲುಗಲ್ಲೂ ಹೇಳುತ್ತಿದ್ದರು. ಮಾವ ಮೂರು ಭಾಷೆಯಲ್ಲೂ ಗೊಣಗಿದ.

ದೊರೆ ಕಂಡುಹಿಡಿದಿದ್ದು ಏನು ಅಂತ ಮೇಷ್ಟ್ರು ನನಗೆ ಹೇಳಿದ್ದು ಹೀಗೆ.

"ಎಲೆಕ್ಟ್ರಾನು ಅಂತ ಒಂದಿದೆ. ಅದು ಎಕ್ಸ್‌ಪ್ರೆಸ್ ಬಸ್ಸು ಅಂತಿಟ್ಕೋ. ಹೊಸೂರಲ್ಲಿರುತ್ತೆ, ಇಲ್ಲ ಕೃಷ್ಣಗಿರೀಲಿರುತ್ತೆ. ಮಧ್ಯದ ಶೂಲಗಿರೀಲಿ ಇರೋದಿಲ್ಲ."

"ನಿಲ್ಸಲ್ಲ ಅನ್ನಿ. ಆದ್ರೆ ಶೂಲಗಿರಿ ಮೇಲೇ ತಾನೇ ಹೋಗ್ಬೇಕು?"

"ಹೋಗಲ್ಲ ಕಣೋ. ಅದೇ ವಿಷಯ! ಹೊಸೂರಲ್ಲಿತ್ತು, ಈಗ ಕೃಷ್ಣಗಿರೀಲಿದೆ. ಮಧ್ಯೆ ಎಲ್ಲೂ ಇರಲಿಲ್ಲ."

"ರೋಡಲ್ಲಿ ಇರ್ಲಿಲ್ವಾ?"

"ರೋಡೇ ಇಲ್ಲ."

"ಡ್ರೈವರ್ರು?"

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಆಮೇಲೆ ಇನ್ನೊಂದು ಹೇಳಿದರು. ಆ ಸಣ್ಣ ಕಣ ಎಲ್ಲಿದೆ ಅಂತ ನೋಡೋಕೆ ಹೋದರೆ, ನಾವು ನೋಡಿದ್ದಕ್ಕೇ ಅದು ಕದಲಿಬಿಡುತ್ತದಂತೆ. ಜವಳಗಿರಿ ಕಾಡಂಚಿನ ಹೊಲಕ್ಕೆ ಆನೆ ಬಂದಿದೆಯಾ ಅಂತ ಪಂಜು ಹಿಡಿದು ನೋಡಿದರೆ, ಬೆಳಕು ಕಂಡ ಆನೆ ಅಲ್ಲಿರುವುದಿಲ್ಲವಲ್ಲ, ಹಾಗೆ.

"ನಮ್ ಚಿಕ್ಕಪ್ಪ ಪಂಜು ಹಿಡ್ದ ಮೇಷ್ಟ್ರೇ. ಆನೆ ಹೋಗ್ಲಿಲ್ಲ, ಅಟ್ಟಿಸ್ಕೊಂಡ್ ಬಂತು. ಇವತ್ತಿಗೂ ಕುಂಟ್ತಾನೆ."

"ಅಂದ್ರೆ ಕದಲಿತು ತಾನೇ?" ಅಂದರು ಮೇಷ್ಟ್ರು. ಸೋಲುವ ಮನುಷ್ಯ ಅಲ್ಲ.

ಹೊರಡುವ ದಿನ ಗಾಜು ಒಡೆದೀತು ಅಂತ ನನ್ನನ್ನೂ ಕರೆದುಕೊಂಡರು. ಬಸ್ಸಿನಲ್ಲಿ ದೊರೆಯನ್ನು ಬೆಡ್‌ಶೀಟಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡೆ. ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ದಾರಿಯುದ್ದಕ್ಕೂ ತುಟಿ ಆಡಿಸುತ್ತಿದ್ದರು.

ಶಾಲೆಯ ಮೈದಾನದಲ್ಲಿ ಶಾಮಿಯಾನ ಹಾಕಿದ್ದರು. ಮಕ್ಕಳನ್ನು ಸಾಲಾಗಿ ಕೂರಿಸಿದ್ದರು. ಹೆಡ್‌ಮಾಸ್ಟರು ಇನ್ನೂ ಬಂದಿರಲಿಲ್ಲ. ಡ್ರಿಲ್ ಮಾಸ್ಟರು ನಮ್ಮನ್ನು ಆಫೀಸ್ ರೂಮಿನಲ್ಲಿ ಕೂರಿಸಿ ಕಾಫಿ ಕೊಟ್ಟು, "ಫೋಟೋ ಕೊಡಿ, ವೇದಿಕೆ ಮೇಲೆ ಇಡ್ತೀನಿ," ಅಂತ ತೆಗೆದುಕೊಂಡು ಹೋದರು. ತುಂಬಾ ಅಚ್ಚುಕಟ್ಟಿನ ಮನುಷ್ಯ. ಅದೇ ಎಡವಟ್ಟಾಗಿದ್ದು.

ಆ ಶಾಲೆಯಲ್ಲಿ ಯಾವ ಸಮಾರಂಭವಾದರೂ ಕುರ್ಚಿಯ ಮೇಲೆ ಒಬ್ಬ ದೊಡ್ಡವರ ಫೋಟೋ ಇಡುತ್ತಾರೆ. ಇಟ್ಟ ಮೇಲೆ ಕುಂಕುಮ ಇಡಬೇಕು, ಹಾರ ಹಾಕಬೇಕು, ಊದುಬತ್ತಿ ಹಚ್ಚಬೇಕು. ಡ್ರಿಲ್ ಮಾಸ್ಟರಿಗೆ ಕೈ ತಾನಾಗಿಯೇ ನಡೆಯುತ್ತದೆ. ಮುಖ್ಯ ಅತಿಥಿಗೆ ಅಂತ ತಂದಿದ್ದ ಒಂದೇ ಒಂದು ಸೇವಂತಿಗೆ ಹಾರವನ್ನು ದೊರೆಗೆ ಹಾಕಿ, ಹಣೆಗೆ ನಾಲ್ಕಾಣೆ ಅಗಲದ ಕುಂಕುಮ ಇಟ್ಟು, ದೀಪ ಹಚ್ಚಿ, ಕಾಯಿ ಕೂಡ ಒಡೆದಿದ್ದರು. ನಾವು ಕಾಫಿ ಕುಡಿದು ಬರುವ ಹೊತ್ತಿಗೆ ದೊರೆ ಹೊಗೆಯ ಮಧ್ಯೆ ಕೂತಿದ್ದರು. ನಮ್ಮ ಅಂಗಡಿಯಲ್ಲೂ ಅಷ್ಟು ಚೆನ್ನಾಗಿ ಸತ್ತವರನ್ನು ನಾನು ನೋಡಿಲ್ಲ.

ಮೇಷ್ಟ್ರು ಬಾಯಿ ತೆಗೆಯುವುದರೊಳಗೆ ಹೆಡ್‌ಮಾಸ್ಟರು ಸೈಕಲ್ಲಿನಿಂದ ಇಳಿದು ಅವಸರವಾಗಿ ವೇದಿಕೆ ಹತ್ತಿದರು. ಫೋಟೋ ನೋಡಿದರು. ಮುಖ ಸಣ್ಣಗಾಯಿತು. ನೇರ ಮೈಕಿಗೆ ಹೋಗಿ, ಈ ಮಹಾನುಭಾವರು ಹೋದದ್ದು ತಮಗೆ ಈಗಷ್ಟೇ ತಿಳಿಯಿತು, ಎಲ್ಲರೂ ಎದ್ದು ಎರಡು ನಿಮಿಷ ಮೌನವಾಗಿ ನಿಲ್ಲಿ ಅಂತ ತಮಿಳಿನಲ್ಲಿ ಹೇಳಿಬಿಟ್ಟರು.

ಎಲ್ಲರೂ ಎದ್ದರು. ಮೌನ.

ಈ ಮೌನಾಚರಣೆ ಅನ್ನುವುದರ ಕಷ್ಟ ನನಗೆ ಗೊತ್ತಾಗಿದ್ದು ಆಗಲೇ. ಅದರ ಮಧ್ಯೆ ಎದ್ದು, ಸ್ವಾಮಿ ಅವರು ಸತ್ತಿಲ್ಲ ಅಂತ ಹೇಳುವ ಹಾಗಿಲ್ಲ. ಮೇಷ್ಟ್ರು ಮುಂದಿನ ಸಾಲಿನಲ್ಲಿ ಬಾಯಿ ತೆರೆದುಕೊಂಡು ನಿಂತಿದ್ದರು. ಎರಡು ಸಲ ಕೈ ಎತ್ತಿದರು. ಹೆಡ್‌ಮಾಸ್ಟರು ಕಣ್ಣು ಮುಚ್ಚಿದ್ದರು. ನಾನು ಕೆಮ್ಮಿದೆ. ಡ್ರಿಲ್ ಮಾಸ್ಟರು ನನ್ನ ಕಡೆ ಕಣ್ಣು ಬಿಟ್ಟರು.

ಮೌನ ಮುಗಿದ ಮರುಗಳಿಗೆ ಹೆಡ್‌ಮಾಸ್ಟರು ಪದ್ಧತಿಯಂತೆ ಮುಂದಿನ ಮಾತು ಹೇಳಿದರು. "ಇನ್ನಿಕ್ಕು ಲೀವು."

ಇವತ್ತು ರಜ ಅನ್ನುವುದು ಯಾವ ಭಾಷೆಯಲ್ಲಿದ್ದರೂ ಮಕ್ಕಳಿಗೆ ತಿಳಿಯುತ್ತದೆ. ಹೋ ಅಂದರು. ನಾನು ಕಣ್ಣು ಮಿಟುಕಿಸುವುದರೊಳಗೆ ಮೈದಾನದಲ್ಲಿ ಧೂಳು ಮಾತ್ರ ಇತ್ತು. ಮೇಷ್ಟ್ರ ಎಲೆಕ್ಟ್ರಾನು ಹಾಗೆ ಹೋಗುತ್ತದೆ ಅಂದರೆ ನಾನು ಆವತ್ತಿನಿಂದ ಒಪ್ಪುತ್ತೇನೆ. ಆ ಮಕ್ಕಳು ಮಧ್ಯೆ ಎಲ್ಲೂ ಇರಲಿಲ್ಲ.

ಮೇಷ್ಟ್ರು ವಿಷಯ ಹೇಳಿದಾಗ ಹೆಡ್‌ಮಾಸ್ಟರು ಕೆನ್ನೆ ಕೆನ್ನೆ ಬಡಿದುಕೊಂಡರು. ಆದರೆ ಹೋದ ಮಕ್ಕಳನ್ನು ವಾಪಸ್ ಕರೆಯುವುದು ಯಾವ ಹೆಡ್‌ಮಾಸ್ಟರಿಂದಲೂ ಆಗದ ಕೆಲಸ. ಇನ್ನೊಂದು ಸಲ ಇಟ್ಟುಕೊಳ್ಳೋಣ ಅಂದರು. ಇನ್ನೊಂದು ಸಲ ಅಂದರೆ ಏನು ಅಂತ ಮೂವತ್ತು ವರ್ಷ ಮೇಷ್ಟ್ರಾಗಿದ್ದವರಿಗೆ ಗೊತ್ತಿರುತ್ತದೆ. ಮೇಷ್ಟ್ರು ಕೈ ಮುಗಿದು ಹೊರಟರು. ನಾನು ದೊರೆಯನ್ನು ಹಾರ, ಕುಂಕುಮದ ಸಮೇತ ಎತ್ತಿಕೊಂಡು ಹಿಂದೆ ಹೋದೆ. ಬೆಡ್‌ಶೀಟು ಆಫೀಸ್ ರೂಮಿನಲ್ಲೇ ಉಳಿಯಿತು.

ಬಸ್‌ಸ್ಟಾಂಡಿನ ಹುಣಸೆಮರದ ಕೆಳಗಿನ ಕಲ್ಲಿನ ಮೇಲೆ ಕೂತೆವು. ಮೇಷ್ಟ್ರು ಮಾತಾಡದೆ ಕೂತಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಸರಿಹೋಗಲಿಲ್ಲ. "ಕುಂಕುಮ ಒರೆಸ್ಬಿಡ್ಲಾ ಮೇಷ್ಟ್ರೇ?" ಅಂದೆ. "ಬಿಡೋ," ಅಂದರು. "ಇನ್ನೇನು."

ಅಷ್ಟರಲ್ಲಿ ಸಂತೆಗೆ ಟೊಮೇಟೊ ಹಾಕಿ ಖಾಲಿ ಬುಟ್ಟಿ ಹಿಡಿದುಕೊಂಡು ಬಂದ ಒಬ್ಬ ಅಜ್ಜಿ ಫೋಟೋ ನೋಡಿ ನಿಂತಳು. ಬುಟ್ಟಿ ಕೆಳಗಿಟ್ಟು ನಮ್ಮೆದುರಿಗೆ ಕೂತಳು.

"ಅಯ್ಯೋ ಪಾಪ. ಯಾರಪ್ಪ ಇವ್ರು? ಮಕ ನೋಡಿದ್ರೆ ಒಳ್ಳೇರ್ ಇದ್ದಂಗವ್ರೆ."

ಸತ್ತಿಲ್ಲ ಅಜ್ಜಿ ಅಂತ ಹೇಳುವುದಕ್ಕೆ ನಾನು ಬಾಯಿ ತೆಗೆದೆ. ಮೇಷ್ಟ್ರು ನನ್ನ ಕಾಲು ತುಳಿದರು.

"ನಮ್ಮ ಗುರುಗಳಮ್ಮ," ಅಂದರು.

"ಎಲ್ಲಿಯೋರು? ಅಪ್ಪ ಅಮ್ಮ ಯಾರು? ಮೊದ್ಲಿಂದ ಹೇಳಪ್ಪ."

ನಮ್ಮ ಕಡೆ ಸಾವಿನ ಮನೆಗೆ ಬಂದವರು ಸುಮ್ಮನೆ ಕೂತು ಹೋಗುವುದಿಲ್ಲ. ಹೋದವರ ಕತೆಯನ್ನು ಹುಟ್ಟಿದಾಗಿನಿಂದ ಕೇಳಬೇಕು. ಮನೆಯವರು ಹೇಳಬೇಕು. ಕೇಳದಿದ್ದರೆ ಮರ್ಯಾದೆಯಲ್ಲ. ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. ಮೊದಲಿಂದ ಶುರುಮಾಡಿದರು.

ದೊರೆಯ ಅಪ್ಪ ಗಡಿಯಾರ ರಿಪೇರಿ ಮಾಡುತ್ತಿದ್ದದ್ದು. ಹುಡುಗ ಪರೀಕ್ಷೆ ಅಂದರೆ ಜ್ವರ ಬರಿಸಿಕೊಳ್ಳುತ್ತಿದ್ದದ್ದು. ("ನಮ್ ಮೊಮ್ಮಗ್ನೂ ಹಂಗೇ," ಅಂದಳು ಅಜ್ಜಿ.) ಬೆಟ್ಟದಲ್ಲಿ ಒಬ್ಬನೇ ನಡೆಯುತ್ತಾ ಲೆಕ್ಕ ಹಾಕುತ್ತಿದ್ದದ್ದು. ಇಪ್ಪತ್ತು ದಾಟಿದ ಹುಡುಗ ದೊಡ್ಡದೊಡ್ಡವರ ಮುಂದೆ ನಿಂತು, ನೀವು ತಿಳಿದುಕೊಂಡಿರುವುದು ತಪ್ಪು ಅಂದಾಗ ಅವರೆಲ್ಲ ನಕ್ಕಿದ್ದು. ಅಷ್ಟರಲ್ಲಿ ಇನ್ನಿಬ್ಬರು ಬಂದು ಕೂತರು. ಅಜ್ಜಿ, "ತಡ್ಯಪ್ಪ, ಇವ್ರು ಈಗ ಬಂದವ್ರೆ. ಮೊದ್ಲಿಂದ ಹೇಳು," ಅಂದಳು. ಮೇಷ್ಟ್ರು ಗಡಿಯಾರದಿಂದ ಮತ್ತೆ ಹಿಡಿದರು. ಅವರ ಮುಖ ನೋಡಬೇಕಿತ್ತು. ಬಂದವರಲ್ಲಿ ಒಬ್ಬನಿಗೆ ಕನ್ನಡ ಬಾರದು. ಅವನಿಗೆ ತಮಿಳಲ್ಲಿ, ಇನ್ನೊಬ್ಬಳಿಗೆ ತೆಲುಗಲ್ಲಿ. ನಮ್ಮ ಅಂಗಡಿಯ ರಿಹರ್ಸಲ್ ದಂಡವಾಗಲಿಲ್ಲ.

ಎಕ್ಸ್‌ಪ್ರೆಸ್ ಬಸ್ಸಿನ ಹತ್ತಿರ ಬಂದಾಗ ನಾನು ತಲೆ ತಗ್ಗಿಸಿದೆ. ಶೂಲಗಿರಿಯಲ್ಲಿ ಇವರನ್ನು ಹಿಡಿದೇ ಹಿಡಿಯುತ್ತಾರೆ ಅಂದುಕೊಂಡೆ. ಅಜ್ಜಿ ಗಲ್ಲಕ್ಕೆ ಕೈ ಕೊಟ್ಟು ಯೋಚಿಸಿದಳು.

"ಮಧ್ಯೆ ಇರೋದೇ ಇಲ್ವಾ? ನಮ್ ಸೊಸೆ ಹಿಂಗೇ ಕಣಪ್ಪ. ಈಗ ನೋಡಿದ್ರೆ ಒಲೆ ಮುಂದೆ, ಇನ್ನೊಂದ್ ಗಳ್ಗೆ ನೋಡಿದ್ರೆ ಪಕ್ಕದ್ಮನೇಲಿ. ನಡ್ಕೊಂಡ್ ಹೋಗಿದ್ ಮಾತ್ರ ಯಾರೂ ಕಂಡಿಲ್ಲ."

"ಅದೇ ಅಮ್ಮ! ಅದೇ!" ಅಂದು ಮೇಷ್ಟ್ರು ಎದ್ದು ನಿಂತರು. ಆಮೇಲೆ ಕೂರಲೇ ಇಲ್ಲ. ನಿಂತುಕೊಂಡೇ ಹೇಳಿದರು. ಅಷ್ಟರಲ್ಲಿ ಹೊಸೂರು ಬಸ್ಸು ಬಂತು.

"ಮೇಷ್ಟ್ರೇ, ಬಸ್ಸು."

"ಹೋಗ್ಲಿ ಬಿಡೋ. ಇವರು ಕೇಳ್ತಾ ಇದಾರೆ."

ಬಸ್ಸು ಹೋಯಿತು. ಅದಕ್ಕೆ ಹತ್ತಬೇಕಿದ್ದ ಇಬ್ಬರು ಕೂಡ ಹತ್ತಲಿಲ್ಲ. ಮೇಷ್ಟ್ರು ಯುದ್ಧ ಬಂದಾಗ ದೊರೆ ಊರು ಬಿಟ್ಟಿದ್ದು, ಒಂದು ಟ್ರಂಕು, ಕಾಯಿಲೆಯ ಹೆಂಡತಿ, ಅರ್ಧಕ್ಕೆ ನಿಂತ ಲೆಕ್ಕ ಎಲ್ಲ ಹೇಳಿದರು. ಹೆಂಡತಿ ಹೋದ ಮೇಲೆ ದೊರೆ ಆ ಲೆಕ್ಕವನ್ನು ಮುಗಿಸಿದರು ಅನ್ನುವಾಗ ತೆಲುಗಿನ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೂ ಕಣ್ಣಿಗೆ ಧೂಳು ಬಿತ್ತು. ಅದು ಬಸ್ಸಿನ ಧೂಳು.

ಕೊನೆಗೆ ಅಜ್ಜಿ ಕೇಳಬೇಕಾದದ್ದನ್ನೇ ಕೇಳಿದಳು.

"ಎಂಗಪ್ಪಾ ಸತ್ರು? ನೋವು ಪಟ್ರಾ?"

ಎಲ್ಲರೂ ಮುಂದಕ್ಕೆ ಬಗ್ಗಿದರು. ಮೇಷ್ಟ್ರು ನನ್ನನ್ನು ನೋಡಿದರು. ನಾನು ಹುಣಸೆಮರ ನೋಡಿದೆ. ಏನೋ ಒಂದು ಕಾಯಿಲೆ ಹೇಳಿದ್ದರೆ ಮುಗಿದು ಹೋಗುತ್ತಿತ್ತು. ಆದರೆ ದೊರೆಯ ವಿಷಯದಲ್ಲಿ ಮೇಷ್ಟ್ರಿಗೆ ಸುಳ್ಳು ಬರುವುದಿಲ್ಲ.

"ಸತ್ತಿಲ್ಲಮ್ಮ," ಅಂದರು. "ಅವರ ಊರಲ್ಲಿ ಚೆನ್ನಾಗಿದಾರೆ."

ಓಡುವುದಾದರೆ ಫೋಟೋ ಯಾವ ಕಂಕುಳಲ್ಲಿ ಹಿಡಿಯಬೇಕು ಅಂತ ನಾನು ಲೆಕ್ಕ ಹಾಕಿದೆ.

"ಮತ್ತೆ ಈ ಕುಂಕ್ಮ, ಹಾರ?" ಅಂದಳು ಅಜ್ಜಿ.

"ಇಸ್ಕೂಲ್ ಡ್ರಿಲ್ ಮಾಸ್ಟ್ರು ಹಾಕ್ಬುಟ್ರು ಅಜ್ಜಿ. ಈ ಹಾರ ನಮ್ ಮೇಷ್ಟ್ರಿಗೆ ತಂದಿದ್ದು. ಇವ್ರು ಮಾತಾಡಕ್ ಬಂದಿದ್ರು. ಇದ್ನ ನೋಡಿ ರಜ ಕೊಟ್ಬುಟ್ರು. ಮಾತು ಆಗ್ಲೇ ಇಲ್ಲ," ಅಂದೆ ಒಂದೇ ಉಸಿರಿಗೆ.

"ಹಂಗಾರೆ ನಾವು ಅತ್ತಿದ್ದು?" ಅಂದಳು ತೆಲುಗಿನ ಹೆಂಗಸು.

"ಅತ್ರೇನು, ಕಣ್ಣು ತೊಳ್ದಂಗಾಯ್ತು ಸುಮ್ಕಿರಮ್ಮ," ಅಂದಳು ಅಜ್ಜಿ. ಸೆರಗಿನ ತುದಿಗೆ ಎಂಜಲು ಹಚ್ಚಿ ದೊರೆಯ ಹಣೆ ತಿಕ್ಕಿದಳು. "ಬದುಕಿರೋನ್ಗೆ ಹಿಂಗ್ ಮಾಡ್ತಾರಾ, ಥೂ. ನೂರು ವರ್ಷ ಇರಪ್ಪ." ಆಮೇಲೆ ಹಾರ ತೆಗೆದಳು. ಎಲ್ಲಿ ಹಾಕುವುದು ಅಂತ ಅತ್ತಿತ್ತ ನೋಡಿದಳು. "ಬಗ್ಗು ಮೇಷ್ಟ್ರೇ," ಅಂದಳು.

ಮೇಷ್ಟ್ರು ಬಗ್ಗಿದರು.

ಮುಂದಿನ ಬಸ್ಸಿಗೆ ಹತ್ತಿದೆವು. ಆಗಲೇ ಕಂಡಕ್ಟರ್ ಕೇಳಿದ್ದು, ಮದುವೆಯಾ ಸಾವಾ ಅಂತ.

"ಎರಡೂ ಅಲ್ಲ. ಭಾಷಣ," ಅಂದೆ.

"ಯಾರ್ದು?"

"ಇವ್ರದು."

"ಚೆನ್ನಾಗಿತ್ತಾ?"

ಮೇಷ್ಟ್ರು ಕಿಟಕಿ ಕಡೆ ನೋಡುತ್ತಿದ್ದರು. ಆದರೆ ಕಿವಿ ನನ್ನ ಕಡೆ ಇತ್ತು.

"ಸ್ವಲ್ಪ ಉದ್ದ ಆಯ್ತು," ಅಂದೆ.

ಮೇಷ್ಟ್ರು ಹಾರ ಸರಿಮಾಡಿಕೊಂಡರು. ಹೊಸೂರು ಬಂದು ನಮ್ಮ ಅಂಗಡಿ ಮುಟ್ಟುವವರೆಗೂ ತೆಗೆಯಲಿಲ್ಲ.

ಅಷ್ಟೇ. ನನ್ನ ಹತ್ತಿರ ಇನ್ನು ಹೇಳುವುದಕ್ಕೇನೂ ಇಲ್ಲ.